ಕಾಲ್ಚೆಂಡಾಟದ ವರ್ಗಕ್ರಮವೂ ಕಲ್ಕತ್ತೆಯ ಲೀಗೂ

ಕಳೆದ ಮಾಗಿಯ ಒಂದು ಸಾಯಂಕಾಲ ನಮ್ಮ ಬೀದಿಯ ನಾಲ್ಕೈದು ಹುಡುಗರು ಕಾಗದವೊಂದನ್ನು ಹಿಡಿದುಕೊಂಡು ನನ್ನ ಮನೆಯ ಜಗುಲಿಗೆ ಬಂದರು. ಊರಿನ ಎಂಟು ಬೀದಿಗಳ ಎಂಟು ತಂಡಗಳು ಸೇರಿ ಕಾಲ್ಚೆಂಡಾಟದ ಲೀಗೊಂದನ್ನು ನಡೆಯಿಸಬೇಕೆಂದು ಅವರು ಸಂಕಲ್ಪ ಮಾಡಿದ್ದರು. "ಮೇಷ್ಟ್ರೇ, ಯಾರು ಯಾರ ಜೊತೆ ಯಾವತ್ತು ಆಡಬೇಕು ಅನ್ನೋದಕ್ಕೆ ಒಂದು ಪಟ್ಟಿ ಹಾಕಿಕೊಡಿ. ನಾವು ಹಾಕಿದರೆ ಒಂದೇ ತಂಡಕ್ಕೆ ಒಂದೇ ದಿನ ಎರಡು ಆಟ ಬಂದುಬಿಡುತ್ತೆ" ಎಂದರು. ನಾನು ಪಟ್ಟಿಯನ್ನು ಬರೆಯುತ್ತಿರುವಾಗಲೇ ಅವರಲ್ಲೊಬ್ಬನು, "ಕೆರೆಯಾಚೆ ಕೇರಿಯ ಹುಡುಗರೂ ಹೆಸರು ಕೊಟ್ಟಿದ್ದಾರೆ. ಅವರನ್ನು ಸೇರಿಸಿದರೆ ಒಂಬತ್ತಾಗುತ್ತೆ, ಲೆಕ್ಕ ಕೆಡುತ್ತೆ. ಬೇಡ ಅಂದುಬಿಡಲೇ?" ಎಂದು ಕೇಳಿದನು.

ಪಟ್ಟಿಯು ಅರ್ಧ ಗಂಟೆಯಲ್ಲಿ ಮುಗಿಯಿತು. ಈ ಪ್ರಶ್ನೆಗೆ ಮಾತ್ರ ಒಡನೆಯೇ ಉತ್ತರ ಹೇಳಲು ನಾಲಗೆ ಏಳಲಿಲ್ಲ. ಅದರ ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೂ ಕಾಲ್ಚೆಂಡಿಗೂ ಏನು ಸಂಬಂಧವೆಂದು ವಾಚಕರು ನಗಬಹುದು. ಉಪಾಧ್ಯಾಯವೃತ್ತಿಯಲ್ಲಿದ್ದಾಗ ಪಂದ್ಯಗಳ ಲೆಕ್ಕವನ್ನು ಇಡುವ ಹೊಣೆಯು ಹಲವು ವರ್ಷಗಳ ಕಾಲ ನನ್ನ ಪಾಲಿಗೆ ಬಂದಿದ್ದಿತು. ಸಂಬಳಕ್ಕಾಗಿ ಆಡದೆ ಕೇವಲ ಪ್ರೀತಿಯಿಂದ ಆಡುವ ಹವ್ಯಾಸಿಗಳ ಲೀಗು ಹೇಗೆ ರಚಿತವಾಗುತ್ತದೆ, ಅದರ ವರ್ಗಗಳೆಂದರೇನು, ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹಳೆಯದಾದ ಕಲ್ಕತ್ತೆಯ ಲೀಗಿನಲ್ಲಿ ಆ ವರ್ಗಕ್ರಮವು ಏನೇನು ಪರೀಕ್ಷೆಗಳಿಗೆ ಒಳಗಾಯಿತು ಎಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

1. ಎರಡು ವಿಧದ ಪಂದ್ಯಾವಳಿಗಳು

ಹಲವು ತಂಡಗಳಲ್ಲಿ ಶ್ರೇಷ್ಠವಾದುದು ಯಾವುದೆಂದು ನಿರ್ಣಯಿಸಲು ಎರಡು ಮಾರ್ಗಗಳುಂಟು. ಸೋತವರು ಅಲ್ಲಿಗೇ ಹೊರಬೀಳುವುದು ಮೊದಲನೆಯದು. ಇದನ್ನು ನಾಕೌಟ್ ಎನ್ನುತ್ತಾರೆ. ಕಪ್ಪು, ಶೀಲ್ಡು ಮೊದಲಾದ ಬಹುಮಾನಗಳ ಪಂದ್ಯಗಳು ಸಾಮಾನ್ಯವಾಗಿ ಈ ಬಗೆಯವು. 1871-72ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಕಪ್ಪು ಈ ಕ್ರಮದಲ್ಲಿಯೇ ಆರಂಭವಾಯಿತು. ಪ್ರತಿಯೊಬ್ಬರೂ ಉಳಿದ ಎಲ್ಲರೊಡನೆಯೂ ಆಡಿ, ಗೆಲವು ಸೋಲುಗಳನ್ನೆಲ್ಲ ಒಟ್ಟುಗೂಡಿಸಿ ಸ್ಥಾನವನ್ನು ಗೊತ್ತುಮಾಡುವುದು ಎರಡನೆಯ ಮಾರ್ಗ. ಇದೇ ಲೀಗು. 1888ರಲ್ಲಿ ವಿಲಿಯಂ ಮೆಕ್‌ಗ್ರೆಗರ್ ಎಂಬಾತನ ಪ್ರಯತ್ನದಿಂದ ಇಂಗ್ಲೆಂಡಿನ 12 ಸಂಘಗಳು ಕೂಡಿ ಇದನ್ನು ಮೊದಲುಮಾಡಿದುವು. ಅದಕ್ಕೆ ಮುಂಚೆ ಸಂಘಗಳು ತಮ್ಮ ತಮ್ಮೊಳಗೇ ಮಾತಾಡಿಕೊಂಡು ಪಂದ್ಯಗಳನ್ನು ಗೊತ್ತುಮಾಡುತ್ತಿದ್ದುವು. ಕಪ್ಪಿನ ಪಂದ್ಯವೊಂದು ಅಡ್ಡಬಂದರೆ ಗೊತ್ತುಮಾಡಿದ್ದ ಆಟವು ನಿಂತುಹೋಗುತ್ತಿದ್ದಿತು. ಇಂಥ ದಿನ ಇಂಥವರೊಡನೆ ಆಟವೆಂದು ಮೊದಲೇ ನಿಶ್ಚಯವಾಗಿರಬೇಕೆಂಬುದೇ ಮೆಕ್‌ಗ್ರೆಗರನ ಮುಖ್ಯವಾದ ಇಚ್ಛೆಯಾಗಿದ್ದಿತು.

ಈ ಎರಡು ಮಾರ್ಗಗಳ ಭೇದವನ್ನು ನಮ್ಮವರಿಗೆ ಸುಲಭವಾಗಿ ತಿಳಿಸಬಹುದು. ನಾಕೌಟ್ ಎಂಬುದು ಸ್ಥಾಲೀಪುಲಾಕ ನ್ಯಾಯ: ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದೋ ಇಲ್ಲವೆಂದೋ ಹೇಳುವಂತೆ, ಒಂದೇ ಆಟದಿಂದ ತಂಡದ ಯೋಗ್ಯತೆಯನ್ನು ಅಳೆಯುವುದು. ಲೀಗಿನಲ್ಲಾದರೋ ಪ್ರತಿಯೊಂದು ಅಗುಳನ್ನೂ ನೋಡಿಯೇ ತೀರ್ಪು ಕೊಡುತ್ತಾರೆ. ಮೊದಲನೆಯದರಲ್ಲಿ ಉದ್ವೇಗ ಹೆಚ್ಚು. ಎರಡನೆಯದರಲ್ಲಿ ನ್ಯಾಯ ಹೆಚ್ಚು. ಒಂದು ದಿನದ ಮಳೆ, ಒಬ್ಬನ ಕಾಲಿನ ಉಳುಕು, ತೀರ್ಪುಗಾರನ ಒಂದು ತಪ್ಪು, ಇವು ಕಪ್ಪನ್ನು ಕಸಿದುಕೊಳ್ಳಬಲ್ಲುವು. ಲೀಗನ್ನು ಕಸಿದುಕೊಳ್ಳುವುದು ಅಷ್ಟು ಸುಲಭವಲ್ಲ.

2. ಪಂದ್ಯಗಳ ಗಣಿತ

ನಾಕೌಟಿನ ಲೆಕ್ಕವು ಬಹಳ ಸರಳ. ಪ್ರತಿಯೊಂದು ಪಂದ್ಯವೂ ಒಂದು ತಂಡವನ್ನು ಹೊರಕ್ಕೆ ಕಳುಹಿಸುವುದರಿಂದ, 11 ತಂಡಗಳಿದ್ದರೆ 10 ಪಂದ್ಯಗಳು ಸಾಕು. 11 ಎಂಬುದು ಸಮವಾಗಿ ಅರ್ಧರ್ಧವಾಗದಾದ ಕಾರಣ, ಚೀಟಿ ಎತ್ತಿ 5 ತಂಡಗಳಿಗೆ ಮೊದಲ ಸುತ್ತಿನಲ್ಲಿ ಆಟವಿಲ್ಲದೆಯೇ ಮುಂದಕ್ಕೆ ಹೋಗುವ 'ಬೈ'ಯನ್ನು ಕೊಡುತ್ತಾರೆ. ಉಳಿದ 6 ತಂಡಗಳ 3 ಪಂದ್ಯಗಳಲ್ಲಿ ಗೆದ್ದ ಮೂವರು ಸೇರಿ ಎಂಟಾಗುತ್ತಾರೆ. ಅನಂತರ ನಾಲ್ಕು, ಎರಡು, ಒಂದು.

ಲೀಗಿನಲ್ಲಿ ಎಷ್ಟು ಪಂದ್ಯಗಳಾಗುವುವೆಂದು ತಿಳಿಯಬೇಕಾದರೆ, ಇಷ್ಟು ವಸ್ತುಗಳಿಂದ ಎರಡೆರಡನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂದು ಎಣಿಸಬೇಕು. ಇದಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಂಥ ಆಯ್ಕೆಗಳ ಸಂಖ್ಯೆಯನ್ನು ಕಾಣುವ ಸಾಮಾನ್ಯ ಸೂತ್ರವನ್ನು ಹೇಳಿದ್ದಾನೆ. 8ನ್ನು 7ರಿಂದ ಗುಣಿಸಿ 2ರಿಂದ ಭಾಗಿಸಿದರೆ 28. ಎಂಟು ತಂಡಗಳಿಗೆ ಇಪ್ಪತ್ತೆಂಟು ಪಂದ್ಯಗಳು. ಒಮ್ಮೆ ತನ್ನ ಮೈದಾನದಲ್ಲಿ, ಒಮ್ಮೆ ಎದುರಾಳಿಯ ಮೈದಾನದಲ್ಲಿ ಎಂದು ಎರಡು ಸಲ ಆಡುವುದಾದರೆ ಇದರ ಇಮ್ಮಡಿ.

ಈ 28 ಪಂದ್ಯಗಳನ್ನು ದಿನಗಳಿಗೆ ಹಂಚುವುದೇ ಹುಡುಗರಿಗೆ ತೊಡಕಾದ ಭಾಗ. ಅದಕ್ಕೊಂದು ಸುಲಭವಾದ ಉಪಾಯವಿದೆ. 1, 2, 3, 4 ಎಂದು ಮೇಲಿನ ಸಾಲಿನಲ್ಲಿಯೂ, ಅವುಗಳ ಕೆಳಗೆ 8, 7, 6, 5 ಎಂದು ಎರಡನೆಯ ಸಾಲಿನಲ್ಲಿಯೂ ಬರೆಯಬೇಕು. ಮೇಲೆ ಕೆಳಗೆ ಎದುರುಬದುರಾದವರು ಮೊದಲ ದಿನದ ಎದುರಾಳಿಗಳು: 1ಕ್ಕೆ 8, 2ಕ್ಕೆ 7, 3ಕ್ಕೆ 6, 4ಕ್ಕೆ 5. ಎರಡನೆಯ ದಿನಕ್ಕೆ 1ನ್ನು ಕದಲಿಸದೆ ಉಳಿದ ಏಳನ್ನೂ ಗಾಣದ ಎತ್ತಿನಂತೆ ಒಂದು ಮನೆ ಪ್ರದಕ್ಷಿಣವಾಗಿ ಸರಿಸಬೇಕು. ಆಗ 1ಕ್ಕೆ 7, 8ಕ್ಕೆ 6, 2ಕ್ಕೆ 5, 3ಕ್ಕೆ 4 ಎದುರಾಗುವುವು. ಹೀಗೆ ಏಳು ದಿನ ಸರಿಸಿದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನೂ ಒಂದೊಂದು ಸಲ ಸಂಧಿಸಿರುತ್ತಾರೆ. ಯಾರಿಗೂ ಒಂದೇ ದಿನದಲ್ಲಿ ಎರಡು ಆಟಗಳು ಬೀಳುವುದಿಲ್ಲ.

ಇನ್ನು ಅಂಕಗಳು. ಆರಂಭದಲ್ಲಿ ಗೆಲವಿಗೆ 2, ಸಮವಾದರೆ 1, ಸೋಲಿಗೆ ಸೊನ್ನೆ ಎಂದಿದ್ದಿತು. ಸಮ ಮಾಡಿಕೊಂಡರೆ ಸಾಕೆಂಬ ಆಲಸ್ಯವನ್ನು ಹೋಗಲಾಡಿಸಲು ಇಂಗ್ಲೆಂಡಿನಲ್ಲಿ 1981ರಿಂದ ಗೆಲವಿಗೆ 3 ಅಂಕಗಳಾದುವು. 1994ರ ವಿಶ್ವಕಪ್ಪಿನಲ್ಲಿಯೂ ಈ ಕ್ರಮವನ್ನು ಅನುಸರಿಸಿದರು. ಇಬ್ಬರ ಅಂಕಗಳು ಸಮನಾದಾಗ ಮೊದಲು ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುತ್ತಿದ್ದರು, ಈಗ ಕಳೆಯುತ್ತಾರೆ. ಇವೆರಡರ ಫಲವು ಒಂದೇ ಎಂದು ತಿಳಿಯಬಾರದು. 20 ಹೊಡೆದು 5 ಬಿಟ್ಟುಕೊಟ್ಟವನಿಗೆ ಭಾಗಲಬ್ಧ 4, ಶೇಷ 15. 40 ಹೊಡೆದು 16 ಬಿಟ್ಟುಕೊಟ್ಟವನಿಗೆ ಭಾಗಲಬ್ಧ 2½, ಶೇಷ 24. ಭಾಗಾಕಾರದಲ್ಲಿ ಗೆದ್ದವನು ವ್ಯವಕಲನದಲ್ಲಿ ಸೋಲುತ್ತಾನೆ. ಕಾವಲನ್ನು ಮೆಚ್ಚುವ ಹಳೆಯ ಕ್ರಮವನ್ನು ಇಂಗ್ಲೆಂಡಿನ ಲೀಗು 1976ರಲ್ಲಿ ಕೈಬಿಟ್ಟಿತು.

3. ವರ್ಗಗಳೆಂಬ ಸೋಪಾನ

ತಂಡಗಳು ಹೆಚ್ಚಿದಂತೆಲ್ಲ ಲೀಗಿನ ಪಂದ್ಯಗಳು ಮಿತಿಮೀರಿ ಬೆಳೆಯುತ್ತವೆ. 8ಕ್ಕೆ 28 ಆದರೆ, 16ಕ್ಕೆ 120. ಇದಲ್ಲದೆ, ಬಲಿಷ್ಠನಿಗೂ ಆರಂಭಿಗನಿಗೂ ಪಂದ್ಯವೇರ್ಪಡಿಸಿದರೆ ಇಬ್ಬರಿಗೂ ಪ್ರಯೋಜನವಿಲ್ಲ. ಆದುದರಿಂದ ತಂಡಗಳನ್ನು ಪ್ರಥಮ, ದ್ವಿತೀಯ, ತೃತೀಯ ಎಂದು ವರ್ಗಗಳಾಗಿ ವಿಂಗಡಿಸುತ್ತಾರೆ. ಇಂಗ್ಲೆಂಡಿನ ಲೀಗಿಗೆ ದ್ವಿತೀಯ ವರ್ಗವು 1892ರಲ್ಲಿ ಸೇರಿತು.

ವರ್ಗಗಳನ್ನು ಮಾಡಿ ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಕೇವಲ ಮೇಲು ಕೀಳುಗಳ ವಿಂಗಡಣೆಯಾಗುತ್ತಿದ್ದಿತು. ವರ್ಷದ ಕೊನೆಯಲ್ಲಿ ಕೆಳಗಿನ ವರ್ಗದ ಅಗ್ರಗಣ್ಯರು ಮೇಲಕ್ಕೇರುವುದು, ಮೇಲಿನ ವರ್ಗದ ಕೊನೆಯವರು ಕೆಳಕ್ಕಿಳಿಯುವುದು, ಇದೇ ಈ ವ್ಯವಸ್ಥೆಯ ಪ್ರಾಣ. ಪ್ರಥಮ ವರ್ಗದಲ್ಲಿರುವುದು ಯಾರ ಹುಟ್ಟುಹಕ್ಕೂ ಅಲ್ಲ. ದ್ವಿತೀಯ ವರ್ಗದಲ್ಲಿರುವುದು ಯಾರ ಹಣೆಬರಹವೂ ಅಲ್ಲ. ಹಿಂದಿನ ವರ್ಷ ಮಾಡಿದ ಕರ್ಮಕ್ಕೆ ಈ ವರ್ಷದ ಸ್ಥಾನವು ಫಲ. ಈ ಏರಿಳಿತವು ಸಂಘಗಳ ದಾಕ್ಷಿಣ್ಯಕ್ಕೆ ಒಳಪಡದೆ ತನಗೆ ತಾನೇ ನಡೆಯಬೇಕೆಂಬ ನಿಯಮವು ಇಂಗ್ಲೆಂಡಿನಲ್ಲಿ ನೆಲೆಯಾದುದು 1898ರಲ್ಲಿ. ಅದೇ 1898ರಲ್ಲಿ ಕಲ್ಕತ್ತೆಯ ಲೀಗು ಜನ್ಮತಾಳಿತು.

4. ಕಲ್ಕತ್ತೆಯಲ್ಲಿ ನಡೆದುದು

ಈಗ ಕೋಲ್ಕತವೆಂದು ಕರೆಯಲ್ಪಡುವ ಆ ಮಹಾನಗರದ ಮಧ್ಯದಲ್ಲಿ ಮೈದಾನವೆಂಬ ವಿಸ್ತಾರವಾದ ಬಯಲಿದೆ. ಕೋಟೆಯ ಸೈನಿಕರೂ ವರ್ತಕರೂ ಅಲ್ಲಿ ಕಾಲ್ಚೆಂಡನ್ನು ಆಡುತ್ತಿದ್ದರು. ಅವರನ್ನು ನೋಡಿ ಬಂಗಾಳದ ವಿದ್ಯಾರ್ಥಿಗಳು ಕಲಿತರು. 1892ರಲ್ಲಿ ಶೋಭಾಬಜಾರ್ ಸಂಘವು ಟ್ರೇಡ್ಸ್ ಕಪ್ಪಿನ ಪಂದ್ಯದಲ್ಲಿ ಈಸ್ಟ್ ಸರ್ರೆ ದಳವನ್ನು ಸೋಲಿಸಿತು. 1893ರಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಗಿ, ಅದರ ಹೆಸರಿನ ಶೀಲ್ಡು ಆರಂಭವಾಯಿತು. ಐದು ವರ್ಷಗಳ ಮೇಲೆ ಲೀಗು ಬಂದಿತು. ಗ್ಲಾಸ್ಟರ್‌ಶೈರ್ ದಳವು ಅದರ ಮೊದಲ ವಿಜೇತ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಶೀಲ್ಡಿನಲ್ಲಿ ಭಾರತೀಯರಿಗೆ ಪ್ರವೇಶವಿದ್ದಿತು. ಲೀಗಿನಲ್ಲಿ ಹದಿನಾರು ವರ್ಷಗಳ ಕಾಲ ಇರಲಿಲ್ಲ. ಒಂದು ದಿನ ಎದುರಿಗೆ ನಿಂತು ಆಡಿ ಹೊರಟುಹೋಗುವ ಅತಿಥಿಯಾಗಬಹುದಾಗಿದ್ದಿತೇ ಹೊರತು, ವರ್ಷವೆಲ್ಲ ಒಂದೇ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಸರಿಸಮನಾಗಿರುವುದಕ್ಕೆ ಅವಕಾಶವಿರಲಿಲ್ಲ.

1911ರ ಶೀಲ್ಡಿನ ಕಥೆಯು ದೇಶಕ್ಕೆಲ್ಲ ತಿಳಿದುದೇ. 1889ರಲ್ಲಿ ಸ್ಥಾಪಿತವಾದ ಮೋಹನ್ ಬಾಗಾನ್ ಸಂಘವು ಆ ವರ್ಷ ಸಂತ ಕ್ಸೇವಿಯರ್ ತಂಡವನ್ನೂ, ರೇಂಜರ್ಸರನ್ನೂ, ರೈಫಲ್ ಬ್ರಿಗೇಡನ್ನೂ ಕ್ರಮವಾಗಿ ಸೋಲಿಸಿತು. ಉಪಾಂತ್ಯದಲ್ಲಿ ಮಿಡ್ಲ್‌ಸೆಕ್ಸ್ ದಳದೊಡನೆ ಒಂದು ಗೋಲಿಗೆ ಒಂದು ಗೋಲಾಗಿ, ಪುನಃ ಆಡಬೇಕಾಗಿ ಬಂದಾಗ 3-0ಯಿಂದ ಗೆದ್ದಿತು. ಜುಲೈ 29ರಂದು ಅಂತಿಮ ಪಂದ್ಯ. ಎದುರಿಗೆ ಈಸ್ಟ್ ಯಾರ್ಕ್‌ಶೈರ್ ದಳ. ಮೊದಲ ಗೋಲು ದಳದವರದು. ನಾಯಕನಾದ ಶಿವದಾಸ್ ಭಾದುಡಿಯು ಅದನ್ನು ಸರಿಗಟ್ಟಿದನು. ಕೊನೆಯ ಗಳಿಗೆಯಲ್ಲಿ ಅಭಿಲಾಷ್ ಘೋಷನು ಗೆಲವಿನ ಗೋಲನ್ನು ಹೊಡೆದನು. ಹನ್ನೊಂದು ಮಂದಿಯಲ್ಲಿ ಬೂಟು ಧರಿಸಿದ್ದವನು ಸುಧೀರ್ ಚಟರ್ಜಿಯೊಬ್ಬನೇ, ಮಿಕ್ಕವರು ಬರಿಗಾಲಿನವರು. ಜನಸಂದಣಿಯ ಹಿಂದೆ ನಿಂತು ಏನೂ ಕಾಣದಿದ್ದವರಿಗೆ ಗೋಲುಗಳ ಲೆಕ್ಕವನ್ನು ಗಾಳಿಪಟ ಹಾರಿಸಿ ತಿಳಿಸಿದರಂತೆ.

ಇಷ್ಟಾದ ಮೇಲೆಯೂ ಶೀಲ್ಡಿನ ವಿಜೇತರು ಲೀಗಿನ ಬಾಗಿಲಲ್ಲಿ ಇನ್ನೂ ಮೂರು ವರ್ಷ ಕಾಯಬೇಕಾಯಿತು. 1914ರಲ್ಲಿ ಮೋಹನ್ ಬಾಗಾನಿಗೂ ಆರ್ಯನ್ ಸಂಘಕ್ಕೂ ದ್ವಿತೀಯ ವರ್ಗದಲ್ಲಿ ಸ್ಥಳ ದೊರೆಯಿತು. 1915ರಲ್ಲಿ ಮೋಹನ್ ಬಾಗಾನ್ ಪ್ರಥಮ ವರ್ಗಕ್ಕೇರಿತು. ಬಾಗಿಲು ತೆರೆಯಿತು ನಿಜ, ಆದರೆ ಅರ್ಧ ಮಾತ್ರ. ಪ್ರಥಮ ವರ್ಗದಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ಸಂಘಗಳು ಇರಕೂಡದೆಂಬ ನಿಯಮವೊಂದು ಜಾರಿಯಲ್ಲಿದ್ದಿತು. ಸೋಪಾನವಿದೆ, ಮೆಟ್ಟಿಲುಗಳಿವೆ, ಮೇಲಿನ ಮೆಟ್ಟಿಲಿನಲ್ಲಿ ಮಾತ್ರ ಇಬ್ಬರಿಗೆ ಮೀರಿ ಎಡೆಯಿಲ್ಲ. ಲೀಗಿನ ಮೂಲತತ್ತ್ವಕ್ಕೆ ಇದಕ್ಕಿಂತ ವಿರೋಧವಾದುದು ಬೇರೊಂದಿರಲಾರದು.

1920ರ ಆಗಸ್ಟ್ 1ರಂದು ಈಸ್ಟ್ ಬೆಂಗಾಲ್ ಸಂಘವು ಹುಟ್ಟಿತು. ಪೂರ್ವ ಬಂಗಾಳದಿಂದ ಬಂದವರ ಅಭಿಮಾನದ ಸಂಘವದು. ಮರುವರ್ಷವೇ ದ್ವಿತೀಯ ವರ್ಗದಲ್ಲಿ ಆಡತೊಡಗಿ, 1924ರಲ್ಲಿ ಕ್ಯಾಮರನ್ ಹೈಲ್ಯಾಂಡರ್ಸ್ ದಳದ 'ಬಿ' ತಂಡದೊಡನೆ ಸಮವಾಗಿ ಅಗ್ರಸ್ಥಾನವನ್ನು ಪಡೆಯಿತು. ಆ ದಳದ 'ಎ' ತಂಡವು ಆಗಲೇ ಪ್ರಥಮ ವರ್ಗದಲ್ಲಿದ್ದುದರಿಂದ 'ಬಿ' ತಂಡವು ಮೇಲೇರುವಂತಿರಲಿಲ್ಲ. ನ್ಯಾಯವಾಗಿ ಆ ಸ್ಥಾನವು ಈಸ್ಟ್ ಬೆಂಗಾಲಿನದು. ಮೋಹನ್ ಬಾಗಾನ್, ಆರ್ಯನ್ ಎಂಬ ಎರಡು ಭಾರತೀಯ ಸಂಘಗಳು ಮೇಲೆ ಇದ್ದುದರಿಂದ ನಿಯಮವು ಅಡ್ಡಬಂದಿತು.

ಪ್ರಶ್ನೆಯು ಸಭೆಯ ಮುಂದೆ ಬಂದಾಗ ನಡೆದುದನ್ನು ಓದಿದರೆ ಆಶ್ಚರ್ಯವಾಗುತ್ತದೆ. ಆಂಗ್ಲ ಸಂಘಗಳು ನಿಯಮವನ್ನು ಸಡಿಲಿಸಲು ಒಪ್ಪಿದುವೆಂದೂ, ವಿರೋಧಿಸಿದುವು ಆಗಲೇ ಒಳಗಿದ್ದ ಎರಡು ಭಾರತೀಯ ಸಂಘಗಳೇ ಎಂದೂ ಆ ಆಟದ ಇತಿಹಾಸಕಾರರು ಬರೆದಿದ್ದಾರೆ. ಹೊಸ್ತಿಲಲ್ಲಿ ವರ್ಷಗಟ್ಟಲೆ ಕಾದವರೇ, ಒಳಕ್ಕೆ ಹೊಕ್ಕ ಮೇಲೆ ಕದಕ್ಕೆ ಕೈಹಚ್ಚಿದರು. ಅವರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ, ಇದು ಮನುಷ್ಯಸ್ವಭಾವ. ಕೊನೆಗೆ ನಿಯಮವು ಬಿದ್ದುಹೋಯಿತು. 1925ರಲ್ಲಿ ಈಸ್ಟ್ ಬೆಂಗಾಲ್ ಪ್ರಥಮ ವರ್ಗದಲ್ಲಿ ಆಡಿತು; ಮೇ 28ರಂದು ಲೀಗಿನಲ್ಲಿ ಮೊದಲ ಸಲ ಮೋಹನ್ ಬಾಗಾನನ್ನು ಎದುರಿಸಿ, ನೇಪಾಳ್ ಚಕ್ರವರ್ತಿಯ ಒಂದೇ ಗೋಲಿನಿಂದ ಗೆದ್ದಿತು. ಇಂದು ಲಕ್ಷಾಂತರ ಜನರು ಕಾದು ನೋಡುವ ಆ ಎರಡು ಸಂಘಗಳ ಲೀಗು ಪಂದ್ಯಕ್ಕೆ ಅದೇ ಮೊದಲು.

ಸೋಪಾನವು ಇಳಿಯುವುದಕ್ಕೂ ಹೌದೆಂಬುದು ಈಸ್ಟ್ ಬೆಂಗಾಲಿನ ಚರಿತ್ರೆಯಿಂದಲೇ ತಿಳಿಯುತ್ತದೆ. 1928ರಲ್ಲಿ ಅದು ದ್ವಿತೀಯ ವರ್ಗಕ್ಕೆ ಇಳಿಯಿತು. 1931ರಲ್ಲಿ ಅಲ್ಲಿ ಗೆದ್ದು ಮತ್ತೆ ಮೇಲೇರಿತು.

ಸೋಪಾನದ ಪೂರ್ಣ ಫಲವನ್ನು ತೋರಿಸಿದವರು ಮಹಮ್ಮಡನ್ ಸ್ಪೋರ್ಟಿಂಗ್ ಸಂಘದವರು. 1933ರಲ್ಲಿ ದ್ವಿತೀಯ ವರ್ಗದಿಂದ ಮೇಲೇರಿ, 1934ರಲ್ಲಿ ಪ್ರಥಮ ವರ್ಗದಲ್ಲಿ ಮೊದಲ ಸಲ ಆಡಿದ ವರ್ಷವೇ ಲೀಗನ್ನು ಗೆದ್ದರು. ಲೀಗು ಹುಟ್ಟಿ 36 ವರ್ಷಗಳ ತರುವಾಯ ಅದನ್ನು ಗೆದ್ದ ಮೊದಲ ಭಾರತೀಯ ಸಂಘವದು. 1938ರವರೆಗೆ ಐದು ವರ್ಷಗಳೂ ಲೀಗು ಅವರದೇ. ಕಲ್ಕತ್ತೆಯ ಲೀಗು ಮಳೆಗಾಲದ ಆಟ. ಒಣನೆಲದಲ್ಲಿ ಜಿಂಕೆಯಂತೆ ಓಡುತ್ತಿದ್ದ ಬರಿಗಾಲಿನವರು ಕೆಸರಿನಲ್ಲಿ ಜಾರಿ ಬೀಳುತ್ತಿದ್ದರು. ವರ್ಷದ ಮೊದಲರ್ಧದಲ್ಲಿ ಸಂಪಾದಿಸಿದ ಅಂಕಗಳು ಆಷಾಢ ಶ್ರಾವಣಗಳಲ್ಲಿ ಕರಗಿಹೋಗುತ್ತಿದ್ದುವು. ಒಂದು ದಿನದ ಶೀಲ್ಡಿಗೆ ಬರಿಗಾಲು ಸಾಕಾಗಬಹುದು, ಋತುವಿಡೀ ನಡೆಯುವ ಲೀಗಿಗೆ ಸಾಲದು. ಇದನ್ನು ಅರಿತು ಮಹಮ್ಮಡನ್ ಸಂಘದವರು ಮಳೆಯ ದಿನಗಳಲ್ಲಿ ಬೂಟು ಧರಿಸುವುದನ್ನು ಅಭ್ಯಾಸಮಾಡಿದರು. ಅನಂತರ 1939ರಲ್ಲಿ ಮೋಹನ್ ಬಾಗಾನೂ, 1942ರಲ್ಲಿ ಈಸ್ಟ್ ಬೆಂಗಾಲೂ ಮೊದಲ ಸಲ ಲೀಗನ್ನು ಗೆದ್ದುವು. ಎರಡೇ ಸ್ಥಾನಗಳೆಂದು ಅಳತೆಮಾಡಿ ಇಟ್ಟಿದ್ದ ಮನೆಯಲ್ಲಿ, ಕದ ತೆರೆದ ಹದಿನೇಳು ವರ್ಷಗಳೊಳಗೆ ಮೂರು ಭಾರತೀಯ ಸಂಘಗಳು ಯಜಮಾನರಾಗಿದ್ದುವು.

ಪಂದ್ಯಗಳ ಪಟ್ಟಿಯು ಎಷ್ಟೇ ಜಾಣತನದಿಂದ ಮಾಡಿದುದಾದರೂ ಲೋಕದ ಗಾಳಿಗೆ ಅತೀತವಲ್ಲ. 1930ರ ಕಾಯಿದೆಭಂಗದ ಚಳವಳಿಯಲ್ಲಿ ಲೀಗು ಅರ್ಧಕ್ಕೆ ನಿಂತಿತು; ದೇಶವಿಭಜನೆಯ 1947ರಲ್ಲಿಯೂ ಅದು ಪೂರ್ಣವಾಗಲಿಲ್ಲ. ತಂಡಗಳು ಹೆಚ್ಚಿದಾಗ ಹೊಸ ಉಪಾಯಗಳೂ ಬೇಕಾದುವು. 2023ರಲ್ಲಿ ಮೇಲಿನ ವರ್ಗದಲ್ಲಿ 26 ತಂಡಗಳು ಸೇರಿದುವು. ಎಲ್ಲರೂ ಎಲ್ಲರೊಡನೆ ಆಡಿದ್ದರೆ 325 ಪಂದ್ಯಗಳಾಗುತ್ತಿದ್ದುವು. 13ರಂತೆ ಎರಡು ಗುಂಪುಗಳಾಗಿ ಮಾಡಿದುದರಿಂದ ಗುಂಪಿಗೆ 78, ಒಟ್ಟು 156ಕ್ಕೆ ಇಳಿಯಿತು. ಬಳಿಕ ಪ್ರತಿಯೊಂದು ಗುಂಪಿನ ಮೊದಲ ಮೂವರು ಮುಂದಿನ ಘಟ್ಟಕ್ಕೆ ಸೇರಿದರು. ಲೀಗಿನ ನ್ಯಾಯವನ್ನೂ ಅಂತಿಮ ಘಟ್ಟದ ಉತ್ಸಾಹವನ್ನೂ ಒಂದುಗೂಡಿಸುವ ಮಾರ್ಗವಿದು.

5. ನಮ್ಮ ನಾಡಿನ ಮಾತು

ಕಲ್ಕತ್ತೆಯ ಈ ವೃತ್ತಾಂತದಲ್ಲಿ ನಮ್ಮವರಿಗೂ ಪಾಲುಂಟು. ಬೊಂಬಾಯಿಯ ರೋವರ್ಸ್ ಕಪ್ಪು 1891ರಲ್ಲಿ ಆರಂಭವಾದುದು. 1937ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡವು, ಸೈನ್ಯಕ್ಕೆ ಸೇರದ ಭಾರತೀಯ ತಂಡಗಳಲ್ಲಿ ಆ ಕಪ್ಪನ್ನು ಪಡೆದ ಮೊದಲನೆಯದು. ಅಂತಿಮ ಪಂದ್ಯದಲ್ಲಿ ಅದು ಸೋಲಿಸಿದುದು ಕಲ್ಕತ್ತೆಯ ಲೀಗನ್ನು ಆಳುತ್ತಿದ್ದ ಮಹಮ್ಮಡನ್ ಸಂಘವನ್ನೇ. ಪ್ರಾಂತಗಳ ತಂಡಗಳಿಗಾಗಿ 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯನ್ನು 1946-47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಗಳಿಸಿತು. 1968-69ರ ಅನಂತರ ದೀರ್ಘಕಾಲ ಕೈಗೂಡದಿದ್ದ ಅದು 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯದ ಮೇಲೆ 3-2ರ ಜಯದಿಂದ ಕರ್ಣಾಟಕಕ್ಕೆ ಮರಳಿ ಬಂದಿತು. ಬೆಂಗಳೂರಿನ ಲೀಗಿನಲ್ಲಿಯೂ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಎಂದು ಸೋಪಾನವಿದೆ. ಇಂಥ ಜಯಗಳ ಬೇರುಗಳು ಆ ಕೆಳಗಿನ ಮೆಟ್ಟಿಲುಗಳಲ್ಲಿ, ಕಛೇರಿ ಕಾರ್ಖಾನೆಗಳ ಕೆಲಸ ಮುಗಿಸಿಕೊಂಡು ಸಂಜೆ ಆಡಲು ಬರುವವರ ನಡುವೆ ಇರುತ್ತವೆ.

ಇನ್ನು ನನ್ನ ಅರಿಕೆ. ಬಹಳ ವರ್ಷಗಳ ಹಿಂದೆ ಶಾಲೆಗಳ ನಡುವಣ ಕಾಲ್ಚೆಂಡಾಟದ ಪಂದ್ಯಗಳಿಗೆ ನಾನು ಕಾರ್ಯದರ್ಶಿಯಾಗಿದ್ದೆನು. ಎಂಟು ಶಾಲೆಗಳ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿದ ಮರುದಿನ, ದೂರದ ಹಳ್ಳಿಯ ಶಾಲೆಯೊಂದರ ಉಪಾಧ್ಯಾಯರು ಬೈಸಿಕಲ್ ತುಳಿದುಕೊಂಡು ಬಂದು ತಮ್ಮ ಹುಡುಗರ ಹೆಸರುಗಳನ್ನು ನನ್ನ ಮುಂದಿಟ್ಟರು. ಗಡುವು ಹಿಂದಿನ ದಿನಕ್ಕೆ ಮುಗಿದಿದ್ದಿತು. "ಒಂದೇ ದಿನ ತಾನೇ ಸ್ವಾಮಿ, ಹುಡುಗರು ಆಸೆಯಿಟ್ಟುಕೊಂಡಿದ್ದಾರೆ" ಎಂದರು. ನಾನು ನಿಯಮವನ್ನು ತೋರಿಸಿದೆನು. ಒಂಬತ್ತಾದರೆ ಲೆಕ್ಕ ಕೆಡುತ್ತದೆಂದೂ ಹೇಳಿದೆನು. ಅವರು ಮರುಮಾತಾಡದೆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದರು. ನಿಯಮವನ್ನು ಕಾಪಾಡಿದೆನೆಂದು ಅಂದು ಹೆಮ್ಮೆಪಟ್ಟೆನು. ಪಟ್ಟಿಯನ್ನು ಮತ್ತೆ ಬರೆಯುವ ಶ್ರಮವನ್ನು ತಪ್ಪಿಸಿಕೊಳ್ಳುವುದೇ ನನ್ನ ನಿಜವಾದ ಕಾರಣವಾಗಿದ್ದಿತೆಂಬುದು 1924ರ ಕಲ್ಕತ್ತೆಯ ಸಭೆಯ ವಿಷಯವನ್ನು ಓದಿದಾಗ ಮನಸ್ಸಿಗೆ ಹೊಳೆಯಿತು.

ಒಂಬತ್ತಾದರೆ ಲೆಕ್ಕವು ಕೆಡುವುದಿಲ್ಲ. ಹತ್ತನೆಯದೊಂದು ಶೂನ್ಯನಾಮವನ್ನು ಪಟ್ಟಿಯಲ್ಲಿ ಸೇರಿಸಿಕೊಂಡು ಹಿಂದಿನಂತೆಯೇ ಸರಿಸುತ್ತ ಹೋದರೆ, ಶೂನ್ಯಕ್ಕೆ ಎದುರಾದವರಿಗೆ ಆ ದಿನ ವಿಶ್ರಾಂತಿ. ಒಂಬತ್ತು ದಿನ, ದಿನಕ್ಕೆ ನಾಲ್ಕರಂತೆ ಮೂವತ್ತಾರು ಪಂದ್ಯಗಳು; ಪ್ರತಿಯೊಬ್ಬರಿಗೂ ಎಂಟು ಆಟ, ಒಂದು ದಿನ ಬಿಡುವು. ಹೆಚ್ಚಾಗಿ ಬೇಕಾದುದು ಎರಡು ದಿನಗಳು ಮಾತ್ರ. ಹುಡುಗರನ್ನು ಮರುದಿನ ಕರೆದು, ಮೊದಲಿನ ಪಟ್ಟಿಯನ್ನು ಹರಿದು, ಒಂಬತ್ತು ಹೆಸರುಗಳ ಹೊಸ ಪಟ್ಟಿಯನ್ನು ಬರೆದುಕೊಟ್ಟೆನು. ಕೆರೆಯಾಚೆಯ ಕೇರಿಯ ತಂಡಕ್ಕೆ ಮೊದಲ ದಿನವೇ ನಮ್ಮ ಬೀದಿಯೊಡನೆ ಆಟ ಬಿದ್ದಿತು. ಯಾರು ಗೆದ್ದರೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯ ಹುಡುಗರೂ ಈ ಪತ್ರಿಕೆಯನ್ನು ಓದುತ್ತಾರೆ.